ಸುಟ್ಟ ಮರಗಾಲಿನ ಪ್ರಶಸ್ತಿ

ಹೆಸ್ಗಿನ್ ಶಾಲೆಯ ಮೇಷ್ಟ್ರು ಮೇರಿಗ್ ಪ್ರಾಥೆರೊ ಅವರಿಗೆ ಅರವತ್ತು ತುಂಬುವ ಹೊತ್ತಿಗೆ ಉಳಿದಿದ್ದ ಆಸೆ ಒಂದೇ, ಒಂದು ಮರದ ಕಾಲು. ತಮಗಾಗಿ ಅಲ್ಲ. ಅವರ ಸ್ವಂತ ಕಾಲುಗಳೆರಡೂ ಗುಡ್ಡ ಹತ್ತಿ ಇಳಿದು ಗಟ್ಟಿಮುಟ್ಟಾಗಿದ್ದವು. ಕಾಲು ಬೇಕಿದ್ದದ್ದು ಶಾಲೆಗೆ. ಅದೂ ಬರುವ ಜುಲೈ ತಿಂಗಳೊಳಗೆ, ಏಕೆಂದರೆ ಜುಲೈಗೆ ಅವರ ನಿವೃತ್ತಿ.

ಯಾರ ಕಾಲು ಎಂದು ನಮ್ಮ ಕಣಿವೆಯಲ್ಲಿ ಕೇಳಿದರೆ ಕೇಳಿದವರನ್ನೇ ಮೇಲಿಂದ ಕೆಳಗೆ ನೋಡುತ್ತಾರೆ. ಮರಗಾಲಿನ ಇವಾನನದು, ಮತ್ತಾರದು? ಇನ್ನೂರು ವರ್ಷದ ಹಿಂದೆ ವೇಲ್ಸಿನ ಈ ಗುಡ್ಡಗಳನ್ನೆಲ್ಲ ಒಂದು ಕಾಲು ಮತ್ತು ಒಂದು ಕಟ್ಟಿಗೆಯ ಮೇಲೆ ಸುತ್ತಿ ಊರೂರಿನಲ್ಲಿ ಉಪದೇಶ ಮಾಡಿದ ಪುಣ್ಯಾತ್ಮ. ಒಂದು ಚಳಿಗಾಲ ಪ್ರಾರ್ಥನಾ ಮಂದಿರದಲ್ಲಿ ಒಲೆಯ ಪಕ್ಕ ನಿಂತು ಮೂರು ಗಂಟೆ ಮಾತಾಡಿದ. ಎರಡನೇ ಗಂಟೆಯಲ್ಲಿ ಮರಗಾಲಿನ ತುದಿಗೆ ಬೆಂಕಿ ಹತ್ತಿತು. ಮರಕ್ಕೆ ನೋವೆಲ್ಲಿಯದು, ಅವನಿಗೆ ಗೊತ್ತಾಗಲಿಲ್ಲ. ಕೂತಿದ್ದ ನೂರು ಜನಕ್ಕೂ ಕಾಣುತ್ತಿತ್ತು. ಆದರೆ ಉಪದೇಶದ ನಡುವೆ ಬಾಯಿ ಹಾಕುವುದು ಮರ್ಯಾದೆಯಲ್ಲವೆಂದು ಒಬ್ಬರೂ ತುಟಿ ಬಿಚ್ಚಲಿಲ್ಲ. ಕೊನೆಯ ಆಮೆನ್ ಹೇಳಿ ಒಂದು ಹೆಜ್ಜೆ ಮುಂದಿಟ್ಟಾಗ ಇವಾನ ನಾಲ್ಕು ಬೆರಳು ಗಿಡ್ಡನಾಗಿದ್ದ. ನಮ್ಮ ಜನರ ಸಭ್ಯತೆ ಅಂಥದ್ದು. ಇವತ್ತಿಗೂ ಅದೇನೂ ಕಡಿಮೆಯಾಗಿಲ್ಲ, ಮುಂದೆ ನೋಡುವಿರಿ.

ಇಷ್ಟರವರೆಗೆ ಎಲ್ಲರೂ ಒಪ್ಪುತ್ತಾರೆ. ಜಗಳವಿರುವುದು ಒಲೆ ಯಾರದೆಂಬ ವಿಷಯದಲ್ಲಿ. ಹೊಳೆಯ ಈಚೆಯ ಹೆಸ್ಗಿನ್‌ನವರು ಅದು ನಮ್ಮ ಮಂದಿರದ ಒಲೆ ಎನ್ನುತ್ತಾರೆ. ಆಚೆಯ ರೀಡ್‌ವೆನ್‌ನವರು ನಮ್ಮದು ಎನ್ನುತ್ತಾರೆ. ಈ ಜಗಳವನ್ನು ಸುಸಂಸ್ಕೃತವಾಗಿ ಮುಂದುವರಿಸಲೆಂದೇ ಎರಡೂ ಊರಿನ ಹಿರಿಯರು ಸೇರಿ ಇತಿಹಾಸ ಸಂಘ ಕಟ್ಟಿದರು. ಊರಿನ ಇತಿಹಾಸವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿಸಿದ ಶಿಕ್ಷಕರಿಗೆ ವರ್ಷಕ್ಕೊಂದು ಪ್ರಶಸ್ತಿ ಎಂದು ಗೊತ್ತುಮಾಡಿದರು. ಶಾಲು ಇಲ್ಲ, ಪದಕ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಆ ಸುಟ್ಟ ಮರಗಾಲು ಒಂದು ವರ್ಷ ಗೆದ್ದವರ ಶಾಲೆಯಲ್ಲಿರುತ್ತದೆ, ಅಷ್ಟೇ.

ಅದು ಸತತ ಹನ್ನೊಂದು ವರ್ಷದಿಂದ ರೀಡ್‌ವೆನ್ ಶಾಲೆಯಲ್ಲೇ ಇತ್ತು. ಅಲ್ಲಿನ ಟೀಚರ್ ಎಲಿನೆಡ್ ವಾನ್ ಹನ್ನೊಂದು ಸಲವೂ ಗೆದ್ದಿದ್ದರು. ಮೇರಿಗ್ ಮೇಷ್ಟ್ರು ಹನ್ನೊಂದು ಸಲವೂ ಎರಡನೆಯವರಾಗಿದ್ದರು. ಹೆಸ್ಗಿನ್‌ನ ಮಕ್ಕಳಲ್ಲಿ ಒಬ್ಬರೂ ಆ ಕಾಲನ್ನು ಕಣ್ಣಾರೆ ಕಂಡಿರಲಿಲ್ಲ. ಸೇತುವೆ ದಾಟಿದರೆ ಹತ್ತು ನಿಮಿಷದ ದಾರಿ, ನಿಜ. ಆದರೆ ನಮ್ಮ ಕಾಲನ್ನು ನೋಡಲು ಅವರ ಊರಿಗೆ ಹೋಗುವುದೇ? ಹಾಗಾಗಿ ಮೇಷ್ಟ್ರು ಪ್ರತಿ ವರ್ಷ ಹಲಗೆಯ ಮೇಲೆ ಕಾಲಿನ ಚಿತ್ರ ಬರೆಯುತ್ತಿದ್ದರು. ಚಿತ್ರ ಬರೆಯುವ ಕೈ ಅವರದಲ್ಲ. ಅದು ಪ್ರತಿ ವರ್ಷವೂ ಸೌತೆಕಾಯಿಯಾಗಿಯೇ ಬರುತ್ತಿತ್ತು.

ಕಲಿಸುವುದರಲ್ಲಿ ಮಾತ್ರ ಮೇಷ್ಟ್ರನ್ನು ಮೀರಿಸುವವರಿರಲಿಲ್ಲ. ನಿಲ್ಲಿಸುವುದು ಗೊತ್ತಿರಲಿಲ್ಲ ಎಂಬುದೊಂದೇ ದೋಷ. ಬೇಸಗೆಯಲ್ಲಿ ಒಮ್ಮೆ ಬೆಟ್ಟ ನೋಡಲು ಬಂದ ದಂಪತಿ ಬಸ್ ಎಷ್ಟು ಹೊತ್ತಿಗೆ ಎಂದು ಕೇಳಿದರು.

"ನಾಲ್ಕೂ ಹತ್ತಕ್ಕೆ ಬರತ್ತೆ," ಎಂದರು ಮೇಷ್ಟ್ರು. ಬೆಂಚಿನಿಂದ ಎದ್ದು ನಿಂತು ಕೋಟಿನ ಅಂಚು ಹಿಡಿದುಕೊಂಡರು. ಕೂತು ಇತಿಹಾಸ ಹೇಳುವುದು ಅವರಿಂದ ಆಗದ ಕೆಲಸ. "ಅದಕ್ಕೂ ಮುಂಚೆ ಇಲ್ಲಿ ರೈಲಿತ್ತು. ಅದಕ್ಕೂ ಮುಂಚೆ ಕುದುರೆ ಗಾಡಿ. ಅದಕ್ಕೂ ಮುಂಚೆ, ಇದೇ ಜಾಗದಲ್ಲಿ, ನೀವು ನಿಂತಿದೀರಲ್ಲ, ಅಲ್ಲೇ..."

ನಾಲ್ಕೂ ಹತ್ತರ ಬಸ್ಸು ಬಂತು, ಹೋಯಿತು. ಐದೂ ಹತ್ತರದೂ ಹೋಯಿತು. ದಂಪತಿಗೆ ಕಂಚಿನ ಯುಗದವರೆಗೆ ಎಲ್ಲವೂ ತಿಳಿಯಿತು.

ಈ ಪ್ರಶಸ್ತಿ ಕೊಡುವ ಕ್ರಮವನ್ನೂ ಹೇಳಿಬಿಡಬೇಕು. ನಮ್ಮಲ್ಲಿ ಹಾಡು, ಪದ್ಯ, ವಾಚನ, ಎಲ್ಲದಕ್ಕೂ ಪೈಪೋಟಿಯ ಹಬ್ಬವಿದೆ, ಐಸ್ಟೆಡ್‌ವೊಡ್ ಎನ್ನುತ್ತೇವೆ. ಅಲ್ಲಿನ ಪದ್ಧತಿಯೇ ಇಲ್ಲೂ. ಶಿಕ್ಷಕರು ಒಂದು ಪಾಠ ಬರೆದು ಕಳಿಸಬೇಕು. ಬರೆದವರು ತಮ್ಮ ಹೆಸರು ಹಾಕುವಂತಿಲ್ಲ, ಒಂದು ಗುಪ್ತನಾಮ ಹಾಕಬೇಕು. ನಿಜವಾದ ಹೆಸರು ಮುಚ್ಚಿದ ಲಕೋಟೆಯಲ್ಲಿರುತ್ತದೆ. ಸಭೆಯ ದಿನ ತೀರ್ಪುಗಾರರು ಗೆದ್ದ ಗುಪ್ತನಾಮವನ್ನು ಕೂಗುತ್ತಾರೆ, ಕಹಳೆ ಮೊಳಗುತ್ತದೆ, ಆ ನಾಮದವರು ಜನರ ನಡುವಿನಿಂದ ತಾವಾಗಿ ಎದ್ದು ನಿಲ್ಲಬೇಕು. ಮೂರು ಕಹಳೆಯೊಳಗೆ ಏಳದಿದ್ದರೆ ಪ್ರಶಸ್ತಿ ಎರಡನೆಯವರಿಗೆ. ತನ್ನದಲ್ಲದ ಹೆಸರಿಗೆ ಎದ್ದು ನಿಂತವರು ಜನ್ಮದಲ್ಲಿ ಮತ್ತೆ ಸ್ಪರ್ಧಿಸುವಂತಿಲ್ಲ. ಇನ್ನು ಏಳನೇ ನಿಯಮ: ಪಕ್ಕದವರು ಹೇಳಿಕೊಡಬಾರದು, ಬೆರಳು ತೋರಬಾರದು, ತಿವಿಯಬಾರದು. ಹಿಂದೊಮ್ಮೆ ಒಬ್ಬಾಕೆ ಗೊರಕೆ ಹೊಡೆಯುತ್ತಿದ್ದ ಗಂಡನನ್ನು ಮೊಣಕೈಯಿಂದ ತಿವಿದಳು. ಆತ ಗಾಬರಿಯಲ್ಲಿ ಎದ್ದು ನಿಂತ, ಚಪ್ಪಾಳೆ ಬಿತ್ತು, ಗೆದ್ದದ್ದು ಅವನ ಭಾವಮೈದುನ. ಆ ಎರಡು ಮನೆಗಳು ಈಗಲೂ ಒಂದೇ ಅಂಗಡಿಯಲ್ಲಿ ಬ್ರೆಡ್ ಕೊಳ್ಳುವುದಿಲ್ಲ.

ತಾವು ಸೋಲುವುದಕ್ಕೆ ಗುಪ್ತನಾಮವೇ ಕಾರಣವೆಂದು ಮೇಷ್ಟ್ರು ನಂಬಿದ್ದರು. ಅವರು ಯಾವಾಗಲೂ ಹಕ್ಕಿಯ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು. ಬೆಟ್ಟದ ಕಾಗೆ, ಒಂಟಿ ಗೂಬೆ, ಮುದಿ ಗಿಡುಗ. ಹಕ್ಕಿ ಕಂಡ ಕೂಡಲೇ ತೀರ್ಪುಗಾರರು, ಓ ಹೆಸ್ಗಿನ್‌ನ ಮೇಷ್ಟ್ರು ಬಂದರು, ಎಂದು ಪಕ್ಕಕ್ಕಿಡುತ್ತಾರೆ ಎಂದು ಅವರ ಲೆಕ್ಕ.

"ಪಕ್ಕಕ್ಕಿಡೋದು ಹಕ್ಕಿ ನೋಡಿ ಅಲ್ಲ ಕಣೋ, ದಪ್ಪ ನೋಡಿ," ಎಂದಳು ಹೆಂಡತಿ ನೆಸ್ಟಾ. "ಒಂದು ಪಾಠಕ್ಕೆ ನೂರಾ ನಲವತ್ತು ಪುಟ ಬರೆದ್ರೆ ಯಾರು ಓದ್ತಾರೆ?"

"ಈ ಸಲ ಹನ್ನೆರಡೇ ಪುಟ."

"ಅಯ್ಯೋ, ಮೈ ಹುಷಾರಿದೆಯಾ?"

ಹುಷಾರಿತ್ತು. ಈ ಸಲ ಅವರು ಹಟಕ್ಕೆ ಬಿದ್ದಿದ್ದರು. ಹನ್ನೆರಡು ಪುಟದ ಪಾಠವನ್ನು ಶಾಲೆಯ ಕಂಪ್ಯೂಟರಿನಲ್ಲಿ ಹೊಡೆದರು, ಕೈಬರಹ ಗೊತ್ತಾಗಬಾರದಲ್ಲ. ಮಕ್ಕಳು ಮಾಡಿದ ನಕ್ಷೆಗಳನ್ನು ಸೇರಿಸಿದರು. ಕೊನೆಗೆ ಹೆಸರಿನ ವಿಷಯ ಬಂದಾಗ ಅವರಿಗೆ ತುಂಬ ಜಾಣತನದ್ದೆನಿಸಿದ ಒಂದು ಉಪಾಯ ಹೊಳೆಯಿತು. ಮನುಷ್ಯ ಕೆಡುವುದು ಇಂಥ ಹೊತ್ತಿನಲ್ಲೇ.

ಅವತ್ತು ತರಗತಿಯಲ್ಲಿ ನಡೆದಿದ್ದ ಪಾಠ ಜಮೀನ್ದಾರನೊಬ್ಬ ಇವಾನನನ್ನು ಹುಡುಕಿಸಿದ ಕಥೆ. ಜಮೀನ್ದಾರನ ಹೊಟ್ಟೆಯ ಬಗ್ಗೆ ಉಪದೇಶದಲ್ಲಿ ಒಂದು ಮಾತು ಬಂತೆಂದು ಆಳುಗಳು ಹೆಸ್ಗಿನ್‌ಗೆ ನುಗ್ಗಿದರು. ಇವಾನ ಹಿಟ್ಟಿನ ಪೆಟ್ಟಿಗೆಯಲ್ಲಿ ಅಡಗಿದ್ದ. ಆಳುಗಳು ಮುದುಕರನ್ನು ಕೇಳಿದರು, ಹೆಂಗಸರನ್ನು ಕೇಳಿದರು, ಮಕ್ಕಳಿಗೆ ಸಕ್ಕರೆ ತೋರಿಸಿ ಕೇಳಿದರು. ಇಡೀ ಊರು ಚಾವಣಿ ನೋಡುತ್ತ ಒಂದೇ ಮಾತು ಹೇಳಿತು, ಗೊತ್ತಿಲ್ಲ.

"ನಾವು ಆ ಊರಿನವರು," ಎಂದರು ಮೇಷ್ಟ್ರು. "ಹೆಸ್ಗಿನ್‌ನವರು ಗುಟ್ಟು ಬಿಟ್ಟುಕೊಡಲ್ಲ. ಈಗ ನಿಮಗೂ ಒಂದು ಗುಟ್ಟಿನ ಕೆಲಸ. ನಮ್ಮ ಪಾಠಕ್ಕೆ ಒಂದು ಗುಪ್ತನಾಮ ನೀವೇ ಆರಿಸಿ, ಬರೆದು, ಲಕೋಟೆ ಅಂಟಿಸಿ, ಪೋಸ್ಟಿಗೆ ಹಾಕಿ. ಯಾರಿಗೂ ಹೇಳಕೂಡದು."

"ಯಾರಿಗೂ?" ಎಂದಳು ಕ್ಯಾಡಿ. ಹತ್ತು ವರ್ಷದ ಹುಡುಗಿ, ಹದಿನಾಲ್ಕು ಮಕ್ಕಳ ಆ ಶಾಲೆಯ ನಿಜವಾದ ಯಜಮಾನಿ.

"ಯಾರೊಬ್ಬರಿಗೂ."

ಮಕ್ಕಳು ಆರಿಸಿದರು, ಬರೆದರು, ಅಂಟಿಸಿದರು, ಹಾಕಿದರು. ಮಾರನೇ ವಾರ ಮೇಷ್ಟ್ರಿಗೆ ಸ್ನಾನ ಮಾಡುವಾಗ ಥಟ್ಟನೆ ಹೊಳೆಯಿತು: ಏಳಬೇಕಾದವನು ನಾನು. ಯಾವ ಹೆಸರಿಗೆ ಏಳಬೇಕು?

ತಲೆ ಒರೆಸಿಕೊಳ್ಳದೆ ಶಾಲೆಗೆ ಓಡಿದರು.

"ಕ್ಯಾಡಿ, ಆ ಹೆಸರು ಏನಿಟ್ರಿ?"

ಕ್ಯಾಡಿ ಚಾವಣಿ ನೋಡಿದಳು. "ಗೊತ್ತಿಲ್ಲ ಸರ್."

"ತಮಾಷೆ ಸಾಕು. ನನಗೆ ಹೇಳಬಹುದು."

"ಏನು ಹೆಸರು ಸರ್? ಯಾವ ಲಕೋಟೆ ಸರ್?"

ಹದಿನಾಲ್ಕು ಜನರನ್ನೂ ಒಬ್ಬೊಬ್ಬರಾಗಿ ಕೇಳಿದರು. ಹದಿನಾಲ್ಕು ಜನವೂ ಚಾವಣಿ ನೋಡಿದರು. ಚಾಕೊಲೇಟ್ ಬಿಸ್ಕತ್ತಿನ ಡಬ್ಬಿ ತೆರೆದು ಮೇಜಿನ ಮೇಲಿಟ್ಟರು. ಎಲ್ಲರಿಗಿಂತ ಚಿಕ್ಕ ಹುಡುಗಿ ಎರಡು ಬಿಸ್ಕತ್ತು ತೆಗೆದುಕೊಂಡು, "ಥ್ಯಾಂಕ್ಯೂ ಸರ್, ಗೊತ್ತಿಲ್ಲ ಸರ್," ಎಂದಳು. ಮೇಷ್ಟ್ರಿಗೆ ಕೋಪ ಬಂತು. ಕೋಪದ ಜೊತೆಗೇ, ಸುಳ್ಳು ಯಾಕೆ, ಎದೆಯೂ ಉಬ್ಬಿತು. ಒಂದು ಪಾಠ ಇಷ್ಟು ಚೆನ್ನಾಗಿ ತಲೆಗೆ ಹತ್ತಿದ್ದನ್ನು ಅವರು ಮೂವತ್ತನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ.

ಮನೆಗೆ ಬಂದು ಹೇಳಿದಾಗ ನೆಸ್ಟಾ ಟೀ ಲೋಟ ಕೆಳಗಿಟ್ಟು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

"ನಗು, ನಗು. ತೀರ್ಪುಗಾರರು ಹೆಸರು ಕೂಗೋ ಮೊದಲು ಪಾಠದ ವಿಷಯ ಮಾತಾಡ್ತಾರಲ್ಲ, ಆಗ ನನಗೆ ಗೊತ್ತಾಗತ್ತೆ," ಎಂದರು ಮೇಷ್ಟ್ರು. "ಅದಕ್ಕೂ ಮುಂಚೆ ಗಾಬರಿ ಯಾಕೆ?"

ಇದಕ್ಕೆ ನೆಸ್ಟಾ ಇನ್ನೂ ಜೋರಾಗಿ ನಕ್ಕಳು. ಯಾಕೆಂದು ಅವರಿಗೆ ತಿಳಿಯಲಿಲ್ಲ.

ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಸಭೆ. ಸೇತುವೆಯ ಬುಡದ ಸಭಾಂಗಣದಲ್ಲಿ ನಡುವೆ ಓಣಿ ಬಿಟ್ಟು, ಎಡಕ್ಕೆ ಹೆಸ್ಗಿನ್, ಬಲಕ್ಕೆ ರೀಡ್‌ವೆನ್. ವೇದಿಕೆಯ ಮೇಲೆ ಗಾಜಿನ ಪೆಟ್ಟಿಗೆ. ಅದರೊಳಗೆ ಕಪ್ಪಗೆ, ಮೋಟಾಗಿ, ಇವಾನನ ಕಾಲು. ಮೇಷ್ಟ್ರು ಮೂರನೇ ಸಾಲಿನಲ್ಲಿ ಕೂತರು. ಓಣಿಯಾಚೆ, ಕೈಗೆಟಕುವಷ್ಟು ದೂರದಲ್ಲಿ, ಎಲಿನೆಡ್ ವಾನ್ ಹಸಿರು ಟೋಪಿ ಹಾಕಿಕೊಂಡು ನೆಟ್ಟಗೆ ಕೂತಿದ್ದರು.

"ಏನ್ರೀ ಮೇರಿಗ್, ಈ ಸಲ ಯಾವ ಹಕ್ಕಿ?"

"ಹಕ್ಕಿ ಹಾರಿಹೋಯ್ತು ಎಲಿನೆಡ್. ಪೆಟ್ಟಿಗೆ ಒರೆಸಿ ತಂದಿದೀರಾ?"

"ಒರೆಸಿಲ್ಲ. ವಾಪಸ್ ತಗೊಂಡು ಹೋಗೋದೇ ತಾನೆ!"

ಹೆಸ್ಗಿನ್‌ನ ಹದಿನಾಲ್ಕು ಮಕ್ಕಳು ಇದೇ ಮೊದಲ ಸಲ ಸಭೆಗೆ ಬಂದು ಮುಂದಿನ ಸಾಲಿನಲ್ಲಿ ತಲೆ ಬಾಚಿಕೊಂಡು ಕೂತಿದ್ದರು. ಅವರ ಹಿಂದಿನ ತಲೆಗಳಿಂದ ಮೇಷ್ಟ್ರಿಗೆ ಏನೂ ತಿಳಿಯಲಿಲ್ಲ.

ಅವರ ಆಸೆಯೆಲ್ಲ ತೀರ್ಪುಗಾರರ ಮಾತಿನ ಮೇಲಿತ್ತು. ಆ ವರ್ಷ ತೀರ್ಪು ಕೊಡಲು ಬಂದವರು ಕರಾವಳಿಯ ಪಟ್ಟಣದಿಂದ ಡಾಕ್ಟರ್ ಪೆನ್ರಿ, ನಮ್ಮ ಕಣಿವೆಯ ಒಬ್ಬರನ್ನೂ ಅರಿಯದ ವಿದ್ವಾಂಸರು. ಎದ್ದರು, ಕನ್ನಡಕ ಒರೆಸಿದರು, ಊರಿನ ಇತಿಹಾಸವೆಂದರೆ ತಮಗೆ ತಮ್ಮ ಬಾಲ್ಯ ನೆನಪಾಗುತ್ತದೆ ಎಂದರು. ಐವತ್ತು ನಿಮಿಷ ಅದನ್ನೇ ನೆನಪಿಸಿಕೊಂಡರು. ಅವರ ಚಿಕ್ಕಮ್ಮನ ಬಾತುಕೋಳಿಗಳ ಹೆಸರುಗಳೂ ನಮಗೆ ತಿಳಿದವು. ಪಾಠಗಳ ಬಗ್ಗೆ ಅವರು ಹೇಳಿದ್ದು ಕೊನೆಗೆ ಒಂದೇ ಮಾತು: "ನಾಲ್ಕು ಬಂದಿವೆ, ನಾಲ್ಕೂ ಇವಾನನ ಬಗ್ಗೆ. ಒಂದು ನನ್ನನ್ನು ಅಳಿಸಿತು. ಅದೇ ಮೊದಲನೆಯದು. ಎರಡನೆಯದು ‘ನೀರುಕಾಗೆ’."

ಎಲಿನೆಡ್ ಅವರ ಟೋಪಿ ಒಮ್ಮೆ ಅಲುಗಿತು. ನೀರುಕಾಗೆ ಅವರೇ. ಮೇಷ್ಟ್ರನ್ನು ರೇಗಿಸಲೆಂದೇ ಈ ಸಲ ಅವರು ಹಕ್ಕಿಯ ಹೆಸರಿಟ್ಟಿದ್ದರು.

"ಗೆದ್ದವರ ಗುಪ್ತನಾಮ," ಎಂದು ಡಾಕ್ಟರ್ ಪೆನ್ರಿ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು, "‘ಅದಕ್ಕೂ ಮುಂಚೆ’. ‘ಅದಕ್ಕೂ ಮುಂಚೆ’ ಎಂಬ ಗುಪ್ತನಾಮದವರು, ದಯವಿಟ್ಟು ಎದ್ದು ನಿಲ್ಲಿ."

ಎಡಬಲ ಎರಡೂ ಕಡೆಯ ಇನ್ನೂರು ಜನ ಒಟ್ಟಿಗೆ ಮೂರನೇ ಸಾಲಿನತ್ತ ತಿರುಗಿದರು.

ಏಕೆಂದರೆ, ನಮ್ಮ ಕಣಿವೆಯಲ್ಲಿ ಅಡ್ಡಹೆಸರಿಲ್ಲದ ಮನುಷ್ಯನಿಲ್ಲ. ಮೇರಿಗ್ ಪ್ರಾಥೆರೊ ಅವರನ್ನು ಹೊಳೆಯ ಎರಡೂ ದಡದಲ್ಲಿ ಮೂವತ್ತನಾಲ್ಕು ವರ್ಷದಿಂದ ಜನ ಕರೆಯುತ್ತಿದ್ದದ್ದು ಅದಕ್ಕೂ ಮುಂಚೆ ಮೇಷ್ಟ್ರು ಎಂದೇ. ಕಟುಕನ ಅಂಗಡಿಯಲ್ಲಿ ನೆಸ್ಟಾಳ ಮಾಂಸದ ಪೊಟ್ಟಣದ ಮೇಲೆ ‘ಅದಕ್ಕೂ ಮುಂಚೆ ಅಮ್ಮ’ ಎಂದೇ ಬರೆದಿರುತ್ತಿತ್ತು, ಅವಳು ಗಂಡ ನೋಡುವ ಮೊದಲೇ ಆ ಕಾಗದ ಬಿಚ್ಚಿ ಒಲೆಗೆ ಹಾಕುತ್ತಿದ್ದಳು. ಅಂಚೆಯವನಿಗೆ ಗೊತ್ತು, ಪಾದ್ರಿಗೆ ಗೊತ್ತು, ಕುರಿ ಕಾಯುವವರಿಗೆ ಗೊತ್ತು. ಕಣಿವೆಯಲ್ಲಿ ಈ ಹೆಸರು ಗೊತ್ತಿಲ್ಲದ ಏಕೈಕ ವ್ಯಕ್ತಿ ಮೂರನೇ ಸಾಲಿನಲ್ಲಿ ಕೂತು, ಯಾರಪ್ಪಾ ಇದು ಇಂಥ ಪೆದ್ದು ಹೆಸರಿಟ್ಟುಕೊಂಡವನು, ಎಂದು ಯೋಚಿಸುತ್ತಿದ್ದರು.

ಮೊದಲ ಕಹಳೆ ಮೊಳಗಿತು. ಕಹಳೆಯವನು ಹಳೆಯ ಪೋಸ್ಟ್‌ಮನ್ ಟೆಗ್ವಿನ್. ಆ ವಾರವಷ್ಟೇ ಹೊಸ ಹಲ್ಲಿನ ಸೆಟ್ ಹಾಕಿಸಿಕೊಂಡಿದ್ದ. ಕಹಳೆಯಿಂದ ಆಡು ಅರಚಿದಂಥ ಸದ್ದು ಹೊರಟಿತು.

ಯಾರೂ ಏಳಲಿಲ್ಲ. ಎಲ್ಲರೂ ತಮ್ಮತ್ತ ನೋಡುತ್ತಿರುವುದನ್ನು ಕಂಡು ಮೇಷ್ಟ್ರೂ ಹಿಂದಕ್ಕೆ ತಿರುಗಿದರು. ಹಿಂದೆ ಕೂತಿದ್ದವರು ತೊಂಬತ್ತರ ಮುದುಕ ಗೊರೊನ್ವಿ. ನಿದ್ದೆಯಲ್ಲಿದ್ದರು, ಬಾಯಿ ತೆರೆದಿತ್ತು.

"ಗೊರೊನ್ವಿ ತಾತ ಬರೆದಿದ್ದಾ?" ಎಂದರು ಮೇಷ್ಟ್ರು ನೆಸ್ಟಾಳ ಕಿವಿಯಲ್ಲಿ. "ಪಾಪ, ಎಬ್ಬಿಸೋ ಹಾಗೂ ಇಲ್ವಲ್ಲ, ಏಳನೇ ನಿಯಮ."

ನೆಸ್ಟಾ ಹೇಳಿಕೊಡುವ ಹಾಗಿರಲಿಲ್ಲ. ತಿವಿಯಬಾರದೆಂದು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು, ಮುಖ ಕೆಂಪಾಗಿತ್ತು. ಸಭೆಗೆಲ್ಲ ಕೆಮ್ಮು ಹತ್ತಿತು. ಒಬ್ಬರು ಕರವಸ್ತ್ರ ಬೀಳಿಸಿದರು, ಇನ್ನೊಬ್ಬರು ಬೈಬಲ್ ಬೀಳಿಸಿದರು. ಪಾದ್ರಿ ಮೇಲೆ ನೋಡಿ ಏನೋ ಮೊರೆಯಿಟ್ಟರು. ಎಲ್ಲರಿಗೂ ಕಾಣುತ್ತಿದೆ, ಒಬ್ಬರೂ ಹೇಳುವುದಿಲ್ಲ. ಇವಾನನ ಕಾಲು ಎರಡನೇ ಸಲ ಸುಡುತ್ತಿತ್ತು.

ಎರಡನೇ ಕಹಳೆಗೆ ಆಡು ಇನ್ನೂ ಸಂಕಟದಿಂದ ಅರಚಿತು. ಟೆಗ್ವಿನ್‌ನ ಮೇಲಿನ ಹಲ್ಲು ಸಡಿಲವಾಗಿತ್ತು, ಅವನು ತುಸು ತಡೆದು ಹೆಬ್ಬೆರಳಿನಿಂದ ಒತ್ತಿಕೊಂಡ.

ಮೇಷ್ಟ್ರು ಈಗ ಮಕ್ಕಳ ತಲೆಗಳನ್ನು ನೋಡಿದರು. ಹದಿನಾಲ್ಕು ಮುಖಗಳೂ ಚಾವಣಿಯತ್ತ ತಿರುಗಿದ್ದವು. ಮಕ್ಕಳು ಇಟ್ಟ ಹೆಸರು ಇದೇ ಇರಬಹುದೇ? ಇರಲಾರದು. ಮಕ್ಕಳೆಂದರೆ ಕಡಲ್ಗಳ್ಳ, ಬೆಂಕಿಯುಗುಳುವ ಹಾವು, ಹೀಗೆ ಏನಾದರೂ ಇಟ್ಟಿರುತ್ತಾರೆ. ಎದ್ದು ನಿಂತು, ಅದು ತನ್ನದಲ್ಲದೆ ಹೋದರೆ? ಈ ಇನ್ನೂರು ಜನರ ಮುಂದೆ, ಆ ಮಕ್ಕಳ ಮುಂದೆ, ಕಳ್ಳನ ಹಾಗೆ? ಇಲ್ಲ. ಮೂವತ್ತನಾಲ್ಕು ವರ್ಷ ಕಲಿಸಿ ಕೊನೆಗೆ ಮರ್ಯಾದೆ ಕಳೆದುಕೊಳ್ಳುವುದು ಬೇಡ. ಸೌತೆಕಾಯಿಯ ಚಿತ್ರ ಇದೆಯಲ್ಲ, ಅದೇ ಸಾಕು. ಅವರಿಗೆ ಅಳು ಬರುವಂತಾಯಿತು, ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಓಣಿಯಾಚೆ ಎಲಿನೆಡ್ ವಾನ್ ಇದನ್ನೆಲ್ಲ ನೋಡುತ್ತಿದ್ದರು. ಇನ್ನೊಂದು ಕಹಳೆ ಕಳೆದರೆ ಕಾಲು ಹನ್ನೆರಡನೇ ವರ್ಷವೂ ಅವರದೇ. ಸುಮ್ಮನೆ ಕೂತರೆ ಸಾಕಿತ್ತು. ಅವರು ಮೊದಲು ಮೇಷ್ಟ್ರನ್ನು ನೋಡಿದರು, ಆಮೇಲೆ ಚಾವಣಿ ನೋಡುತ್ತಿದ್ದ ಆ ಹದಿನಾಲ್ಕು ಮುಖಗಳನ್ನು ನೋಡಿದರು. ಟೆಗ್ವಿನ್ ಮೂರನೇ ಸಲ ಕಹಳೆ ಎತ್ತಿದ.

ಎಲಿನೆಡ್ ಪಕ್ಕದವಳ ಕಡೆ ತಿರುಗಿ, ಸಭೆಯ ಕೊನೆಯ ಸಾಲಿಗೂ ಕೇಳುವ ದನಿಯಲ್ಲಿ ಹೇಳಿದರು: "ಏನಾದ್ರೂ ಆಗ್ಲಿ ಬಿಡಿ, ಇವಾನನ ಕಾಲು ಸುಟ್ಟಿದ್ದು ನಮ್ಮ ರೀಡ್‌ವೆನ್ ಒಲೇಲೇ. ಸಾವಿರದ ಎಂಟುನೂರಾ ಹನ್ನೊಂದು. ಹೆಸ್ಗಿನ್‌ನವರಿಗೆ ಆಗ ಒಲೆ ಅಂದ್ರೆ ಏನೂಂತಾನೇ ಗೊತ್ತಿರ್ಲಿಲ್ಲ, ಪಾಪ."

ಮೇಷ್ಟ್ರು ಚಿಮ್ಮಿ ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು. ಕೈ ತಾನಾಗಿ ಕೋಟಿನ ಅಂಚಿಗೆ ಹೋಯಿತು.

"ಅದಕ್ಕೂ ಮುಂಚೆ!" ಎಂದು ಗುಡುಗಿದರು.

ಆ ಕ್ಷಣಕ್ಕೇ ಮೂರನೇ ಕಹಳೆ ಹೊರಟಿತು. ಕಹಳೆಯ ಜೊತೆ ಟೆಗ್ವಿನ್‌ನ ಹಲ್ಲಿನ ಸೆಟ್ಟೂ ಹೊರಟು ಡಾಕ್ಟರ್ ಪೆನ್ರಿಯ ನೀರಿನ ಲೋಟದಲ್ಲಿ ಬಿತ್ತು. ಆದರೆ ಅದನ್ನು ಯಾರೂ ಗಮನಿಸಲಿಲ್ಲ. ಸಭೆಗೆ ಸಭೆಯೇ ಹೋ ಎಂದು ಎದ್ದಿತ್ತು. ರೀಡ್‌ವೆನ್‌ನವರೂ ಎದ್ದಿದ್ದರು, ತಾವು ಯಾವ ಕಡೆಯವರೆಂದು ಅವರಿಗೆ ಆ ಹೊತ್ತಿಗೆ ಮರೆತೇಹೋಗಿತ್ತು.

ಚಪ್ಪಾಳೆ ತಮ್ಮ ವಾದಕ್ಕೆಂದೇ ಮೇಷ್ಟ್ರು ತಿಳಿದರು. "ಕೇಳಿಸ್ಕೊಳ್ಳಿ! ಅದಕ್ಕೂ ಮುಂಚೆ ನಿಮ್ಮ ಮಂದಿರಕ್ಕೆ ಚಿಮಣೀನೇ ಇರ್ಲಿಲ್ಲ! ಚಿಮಣಿ ಇಟ್ಟಿದ್ದು ಇಪ್ಪತ್ಮೂರರಲ್ಲಿ! ದಾಖಲೆ ಇದೆ! ಅದಕ್ಕೂ ಮುಂಚೆ..."

"ಮಾತು ಸಾಕು, ಕೂತ್ಕೋಬೇಡ! ನಿಂತಿರು!" ಎಂದು ನೆಸ್ಟಾ ಈಗ ಧಾರಾಳವಾಗಿ ತಿವಿದಳು. ನಿಯಮ ಮುಗಿದಿತ್ತು.

ಡಾಕ್ಟರ್ ಪೆನ್ರಿ ಲಕೋಟೆ ಒಡೆದರು. ಒಳಗಿದ್ದ ಚೀಟಿಯನ್ನು ಓದಲು ಶುರುಮಾಡಿ, ನಿಲ್ಲಿಸಿ, ಮತ್ತೆ ಮೊದಲಿಂದ ಗಟ್ಟಿಯಾಗಿ ಓದಿದರು. "‘ಮೇರಿಗ್ ಪ್ರಾಥೆರೊ ಸರ್, ಹೆಸ್ಗಿನ್ ಶಾಲೆ. ಈ ವಿಷಯ ಸರ್‌ಗೆ ಗೊತ್ತಿಲ್ಲ. ದಯವಿಟ್ಟು ಅವರಿಗೆ ಹೇಳಬೇಡಿ.’"

ಆಗ ಮೇಷ್ಟ್ರ ಬಾಯಿ ನಿಂತಿತು. ಒಬ್ಬೊಬ್ಬರ ಮುಖ ನೋಡಿದರು, ಎಲ್ಲರೂ ನಗುತ್ತಿದ್ದರು, ಯಾರ ನಗುವಿನಲ್ಲೂ ಕುಹಕವಿರಲಿಲ್ಲ. "ನಾನಾ?" ಎಂದರು ನೆಸ್ಟಾಳಿಗೆ. "ನನ್ನನ್ನ ಹಾಗೆ ಕರೀತಾರಾ? ನಿನಗೆ ಗೊತ್ತಿತ್ತಾ?"

"ಗೊತ್ತಿಲ್ಲ," ಎಂದಳು ನೆಸ್ಟಾ, ಚಾವಣಿ ನೋಡುತ್ತ.

ವೇದಿಕೆಯಿಂದ ಗಾಜಿನ ಪೆಟ್ಟಿಗೆಯನ್ನು ಇಳಿಸಿ ತಂದು ಅವರ ಕೈಗಿಟ್ಟರು. ಅದು ಅವರು ಎಣಿಸಿದ್ದಕ್ಕಿಂತ ಹಗುರವಾಗಿತ್ತು. ಅವರು ಅದನ್ನು ಎದೆಗೊತ್ತಿಕೊಂಡು ಅತ್ತೇಬಿಟ್ಟರು. ಪಕ್ಕದಲ್ಲಿ ಡಾಕ್ಟರ್ ಪೆನ್ರಿ ನೀರು ಕುಡಿಯಲು ಲೋಟ ಎತ್ತಿ, ಅದರೊಳಗೆ ನೋಡಿ, ಮೆಲ್ಲನೆ ಕೆಳಗಿಟ್ಟರು.

ಆಮೇಲೆ ಹಿಂದಿನ ಕೋಣೆಯಲ್ಲಿ ಟೀ. ದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ಎಲಿನೆಡ್ ಅವರ ಬಳಿಗೆ ಮೇಷ್ಟ್ರು ಪೆಟ್ಟಿಗೆ ಹಿಡಿದುಕೊಂಡೇ ಹೋದರು. ಕೆಳಗಿಡಲು ಧೈರ್ಯವಾಗಿರಲಿಲ್ಲ.

"ಚಿಮಣಿ ವಿಷಯ ನಿಮಗೆ ಗೊತ್ತಿಲ್ದೆ ಇರೋದು ಸಾಧ್ಯವೇ ಇಲ್ಲ ಎಲಿನೆಡ್."

"ಇಪ್ಪತ್ಮೂರಲ್ಲ, ಇಪ್ಪತ್ತೆರಡು. ನಿಮಗಿಂತ ನನಗೇ ಚೆನ್ನಾಗಿ ಗೊತ್ತು."

"ಮತ್ಯಾಕೆ ಹಾಗಂದ್ರಿ? ಸುಮ್ಮನಿದ್ದಿದ್ರೆ ನಿಮ್ಮದೇ ಆಗ್ತಿತ್ತಲ್ಲ."

ಎಲಿನೆಡ್ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ. "ನಿಮ್ಮ ಪಾಠ ನಾನು ಓದಿಲ್ಲ. ಓದೋದೂ ಇಲ್ಲ. ಆದ್ರೆ ಆ ಮಕ್ಕಳನ್ನ ನೋಡಿದೆ. ಅವರ ಮೇಷ್ಟ್ರು ಕಣ್ಣೆದುರೇ ಸೋಲ್ತಿದಾರೆ, ಕೊಟ್ಟ ಮಾತು ಅಂತ ಒಂದು ಮಗೂ ಬಾಯಿ ಬಿಡ್ಲಿಲ್ಲ. ನನ್ನ ಮಕ್ಕಳಾಗಿದ್ರೆ ಮೊದಲನೇ ಕಹಳೆಗೇ ಕಿರುಚಿಬಿಡೋರು. ಹನ್ನೊಂದು ವರ್ಷ ಪಾಠ ಬರೆಯೋದ್ರಲ್ಲಿ ನಾನು ಗೆದ್ದೆ ಕಣ್ರೀ. ಕಲಿಸೋದು ಬೇರೆ." ಒಂದು ಚೂರು ಬ್ರೆಡ್ಡನ್ನು ಮೇಷ್ಟ್ರ ಬಾಯಿಗೇ ಇಟ್ಟರು, ಅವರ ಕೈ ಖಾಲಿಯಿರಲಿಲ್ಲ. "ಈ ಮರಗಾಲಿಗೆ ಹುಳ ಹಿಡೀತಿದೆ, ತಿಂಗಳಿಗೊಮ್ಮೆ ಎಣ್ಣೆ ಸವರಿ. ಒಲೆ ಮಾತ್ರ ನಮ್ಮದೇ."

"ಒಲೆ ನಮ್ಮದು," ಎಂದರು ಮೇಷ್ಟ್ರು, ಬಾಯ್ತುಂಬ ಬ್ರೆಡ್ಡು ಇಟ್ಟುಕೊಂಡೇ.

ಸೋಮವಾರ ಬೆಳಿಗ್ಗೆ ಪೆಟ್ಟಿಗೆ ತರಗತಿಯ ಮೇಜಿನ ಮೇಲಿತ್ತು. ಹದಿನಾಲ್ಕು ಮೂಗುಗಳು ಗಾಜಿಗೆ ಒತ್ತಿಕೊಂಡಿದ್ದವು.

"ಸೌತೆಕಾಯಿ ಥರ ಇಲ್ವಲ್ಲ ಸರ್," ಎಂದಳು ಚಿಕ್ಕವಳು, ಸ್ವಲ್ಪ ಬೇಸರದಿಂದ.

ಎಲ್ಲರೂ ನೋಡಿ ಮುಗಿಸಿ ತಮ್ಮ ಜಾಗಕ್ಕೆ ಹೋದ ಮೇಲೆ ಮೇಷ್ಟ್ರು ಕೆಮ್ಮಿದರು. ಎರಡು ದಿನದಿಂದ ಅವರಿಗೆ ನಿದ್ದೆ ಸರಿಯಾಗಿರಲಿಲ್ಲ. ಈ ಕಣಿವೆಯ ಪ್ರತಿ ಬೇಲಿಯ ಕಥೆ ಬಲ್ಲವರಿಗೆ ತಮ್ಮದೇ ಹೆಸರಿನ ಕಥೆ ಗೊತ್ತಿರಲಿಲ್ಲ.

"ನನಗೆ ಆ ಹೆಸರು ಇಟ್ಟಿದ್ದು ಯಾರು?"

ಹದಿನಾಲ್ಕು ಮುಖಗಳು ಚಾವಣಿಗೆ ಏರಿದವು.

"ಇದು ಜಮೀನ್ದಾರನ ಪ್ರಶ್ನೆ ಅಲ್ಲ," ಎಂದರು ಮೇಷ್ಟ್ರು. "ಇದು ಇತಿಹಾಸದ ಪ್ರಶ್ನೆ. ಉತ್ತರ ಹೇಳಬಹುದು."

ಮಕ್ಕಳು ಕ್ಯಾಡಿಯ ಮುಖ ನೋಡಿದರು. ಕ್ಯಾಡಿ ಯೋಚಿಸಿ ತಲೆಯಾಡಿಸಿದಳು, ಕೈಯೆತ್ತಿದಳು. "ನಮ್ಮಮ್ಮನ ಕ್ಲಾಸಿನವರು ಸರ್. ಅಮ್ಮ ಇದೇ ಬೆಂಚಲ್ಲಿ ಕೂತ್ಕೊತಿದ್ರಂತೆ."

ಹಿಂದಿನಿಂದ ಚಿಕ್ಕವಳು ಎದ್ದು ನಿಂತು ಸ್ವೆಟರಿನ ಅಂಚು ಹಿಡಿದುಕೊಂಡಳು. "ಅಲ್ಲ ಸರ್. ಅದಕ್ಕೂ ಮುಂಚೆ! ನಮ್ಮ ದೊಡ್ಡಮ್ಮ. ನೀವು ಬಂದ ಮೊದಲನೇ ದಿನ ಬಚ್ಚಲಿಗೆ ಹೋಗ್ಲಾ ಸರ್ ಅಂತ ಕೇಳಿದ್ರಂತೆ. ನೀವು ಬಚ್ಚಲು ಕಟ್ಟೋಕೂ ಮುಂಚಿಂದ ಶುರು ಮಾಡಿದ್ರಂತೆ."

"ಆಮೇಲೆ?"

"ಆಮೇಲೆ ಬಚ್ಚಲಿಗೆ ಹೋಗೋ ಅಗತ್ಯ ಇರ್ಲಿಲ್ವಂತೆ ಸರ್."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು, ಕೈ ಕೋಟಿನ ಅಂಚಿಗೆ ಹೋಗಿತ್ತು. ಕೈ ಇಳಿಸಿದರು. ಮುಂದಿನ ಸಾಲಿನ ಪುಟ್ಟ ಕುರ್ಚಿಯೊಂದನ್ನು ಎಳೆದುಕೊಂಡು, ಮೊಣಕಾಲು ಗದ್ದಕ್ಕೆ ಬರುವಂತೆ ಮುದುಡಿ ಅದರ ಮೇಲೆ ಕೂತರು. ಮೂವತ್ತನಾಲ್ಕು ವರ್ಷದಲ್ಲಿ ಅವರು ಆ ಕೋಣೆಯಲ್ಲಿ ಇತಿಹಾಸದ ಪಾಠಕ್ಕೆ ಕೂತದ್ದು ಅದೇ ಮೊದಲು.

"ಸರಿ," ಎಂದರು. "ಮೊದಲಿಂದ ಹೇಳು."